ಕಾಣುವ ಹುಳು, ಕಾಣದ ಹುಳು

ಸಾಕುನಾಯಿಗೆ ಜಂತುಹುಳುವಿನ ಔಷಧಿಯನ್ನು ಯಾವಾಗ ಕೊಡಬೇಕು ಎಂದು ಕೇಳಿದರೆ ಹಳ್ಳಿಯಲ್ಲಾಗಲಿ ಪಟ್ಟಣದಲ್ಲಾಗಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಹುಳು ಕಂಡಾಗ. ಮರಿ ವಾಂತಿ ಮಾಡಿದ್ದರಲ್ಲಿ ಬಿಳಿಯ ಎಳೆಯೊಂದು ಹೊರಳಿದರೆ, ಮಲದ ಮೇಲೆ ಅಕ್ಕಿಕಾಳಿನಂಥದ್ದೇನೋ ಮಿಸುಕಿದರೆ ಮನೆಯವರು ಗಾಬರಿಯಾಗಿ ಔಷಧಿ ಅಂಗಡಿಗೆ ಹೋಗುತ್ತಾರೆ. ಏನೂ ಕಾಣದಿದ್ದರೆ ನಾಯಿ ಚೆನ್ನಾಗಿದೆ ಎಂದು ಸುಮ್ಮನಿರುತ್ತಾರೆ. ಈ ತರ್ಕ ಮೇಲ್ನೋಟಕ್ಕೆ ಸಹಜವೆನಿಸುವುದರಿಂದಲೇ ಅದನ್ನು ಯಾರೂ ತಡವಿ ನೋಡುವುದಿಲ್ಲ. ಆದರೆ ನಾಯಿಯ ಕರುಳಿನಲ್ಲಿ ನೆಲೆಸುವ ಹುಳುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಸಂಗತಿ ತಿರುವುಮುರುವಾಗಿದೆ ಎಂಬುದು ತಿಳಿಯುತ್ತದೆ: ಯಾವ ಹುಳು ಸುಲಭವಾಗಿ ಕಣ್ಣಿಗೆ ಬೀಳುತ್ತದೆಯೋ ಅದು ಬಹುಮಟ್ಟಿಗೆ ನಿರುಪದ್ರವಿ, ಯಾವುದು ನಾಯಿಯ ಜೀವಕ್ಕೋ ಅದರೊಡನೆ ಬೆಳೆಯುವ ಮಗುವಿನ ಕಣ್ಣಿಗೋ ಎರವಾಗಬಲ್ಲದೋ ಅದು ಕಾಣುವುದೇ ಅಪರೂಪ. ಆದ್ದರಿಂದ ಔಷಧಿಯ ವೇಳೆಯನ್ನು ಕಣ್ಣಿನ ತೀರ್ಮಾನಕ್ಕೆ ಬಿಡದೆ, ನಾಯಿಯ ವಯಸ್ಸು, ಅದರ ತೂಕ ಮತ್ತು ಅದು ಏನನ್ನು ತಿನ್ನುತ್ತದೆ ಎಂಬುದರ ಮೇಲೆ ಗೊತ್ತುಮಾಡಬೇಕು ಎಂಬುದು ಈ ಲೇಖನದ ವಾದ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಯಲ್ದೂರಿನಂಥ ಊರನ್ನು ಎದುರಿಗಿಟ್ಟುಕೊಂಡರೆ ಈ ವಾದ ಹೆಚ್ಚು ಸ್ಪಷ್ಟವಾಗುತ್ತದೆ. ಮಾವಿಗೆ ಹೆಸರಾದ ಈ ಸೀಮೆಯಲ್ಲಿ ನಾಯಿಯೆಂದರೆ ಮನೆಯೊಳಗಿನ ಮುದ್ದಿನ ಪ್ರಾಣಿಗಿಂತ ಹೆಚ್ಚಾಗಿ ತೋಟದ ಕಾವಲುಗಾರ, ಕುರಿಹಟ್ಟಿಯ ಜೊತೆಗಾರ, ಅಂಗಳದ ಕರೆಗಂಟೆ. ಅದಕ್ಕೆ ಯಜಮಾನನಿರುತ್ತಾನೆ, ಹೆಸರಿರುತ್ತದೆ, ಹೊತ್ತಿಗೆ ಮುದ್ದೆಯೂ ಸಿಗುತ್ತದೆ. ಆದರೆ ಹಗಲೆಲ್ಲ ಅದು ಎಲ್ಲಿ ತಿರುಗಿತು, ಏನನ್ನು ಮುಟ್ಟಿತು, ಎಲ್ಲಿ ಮಲ ವಿಸರ್ಜಿಸಿತು ಎಂಬುದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಸಾಕುನಾಯಿ ಮತ್ತು ಬೀದಿನಾಯಿ ಎಂದು ನಗರದವರು ಎಳೆಯುವ ಗೆರೆ ಇಲ್ಲಿ ಅಷ್ಟು ಗಟ್ಟಿಯಾಗಿಲ್ಲ. ಜಂತುಹುಳುವಿನ ಮಟ್ಟಿಗಂತೂ ಆ ಗೆರೆಯೇ ಇಲ್ಲ.

ಕಾಣುವ ಹುಳುವಿನಿಂದಲೇ ಆರಂಭಿಸುವುದಾದರೆ, ನಾಯಿಯ ಬಾಲದ ಬುಡದಲ್ಲಿಯೂ ಅದು ಮಲಗುವ ಗೋಣಿಚೀಲದ ಮೇಲೆಯೂ ಅಕ್ಕಿಕಾಳಿನಂತೆ ಅಂಟಿಕೊಂಡಿರುವ ಚೂರುಗಳು ಡಿಪಿಲಿಡಿಯಂ ಎಂಬ ಲಾಡಿಹುಳುವಿನ ತುಂಡುಗಳು. ಲಾಡಿಹುಳುವೆಂದರೆ ಲಾಡಿಯಂತೆ ಚಪ್ಪಟೆಯಾಗಿ, ಕಣ್ಣಿಕಣ್ಣಿಯಾಗಿ ಬೆಳೆಯುವ ಹುಳು. ಬಲಿತ ಕಣ್ಣಿಗಳು ಕಳಚಿ ಹೊರಗೆ ಬೀಳುತ್ತವೆ. ಇದು ನಾಯಿಗೆ ಸೇರುವುದು ಮಣ್ಣಿನಿಂದಲ್ಲ, ಮತ್ತೊಂದು ನಾಯಿಯಿಂದ ನೇರವಾಗಿಯೂ ಅಲ್ಲ. ಚಿಗಟದ ಮರಿಹುಳು ಇದರ ಮೊಟ್ಟೆಯನ್ನು ತಿಂದು ಬೆಳೆದು ಚಿಗಟವಾದ ಮೇಲೆ, ಮೈ ಕಡಿದುಕೊಳ್ಳುವ ನಾಯಿ ಆ ಚಿಗಟವನ್ನು ನುಂಗಿದಾಗ. ಪ್ರಾಜಿಕ್ವಾಂಟೆಲ್ ಎಂಬ ಔಷಧಿಯ ಒಂದೇ ಪ್ರಮಾಣಕ್ಕೆ ಇದು ಸಾಯುತ್ತದೆ. ಆದರೆ ಗೋಣಿಚೀಲವನ್ನು ಬಿಸಿನೀರಿನಲ್ಲಿ ಒಗೆದು, ಮೈಮೇಲಿನ ಚಿಗಟವನ್ನು ನಿವಾರಿಸದಿದ್ದರೆ ಎರಡು ಮೂರು ವಾರಗಳಲ್ಲಿ ಅದೇ ಅಕ್ಕಿಕಾಳು ಮತ್ತೆ ಕಾಣಿಸಿಕೊಳ್ಳುತ್ತದೆ, ಮನೆಯವರು ಔಷಧಿ ಕೆಲಸ ಮಾಡಲಿಲ್ಲವೆಂದು ಅಂಗಡಿಯವರನ್ನು ಬೈಯುತ್ತಾರೆ. ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತ ಸಾಗುವುದನ್ನು ಹುಳುವಿನ ಖಚಿತ ಲಕ್ಷಣವೆಂದು ತಿಳಿಯುವುದೂ ಪೂರ್ತಿ ಸರಿಯಲ್ಲ. ಗುದದ್ವಾರದ ಎರಡು ಬದಿಯಲ್ಲಿರುವ ಗ್ರಂಥಿಗಳು ತುಂಬಿಕೊಂಡಾಗಲೇ ಅದು ಹೆಚ್ಚಾಗಿ ಹಾಗೆ ಮಾಡುತ್ತದೆ.

ಇದಕ್ಕಿಂತ ಗಂಭೀರವಾದದ್ದು ಟಾಕ್ಸೊಕಾರಾ ಕ್ಯಾನಿಸ್ ಎಂಬ ದುಂಡುಹುಳು. ಶಾವಿಗೆಯ ಎಳೆಯಂತೆ ಬಿಳುಪಾಗಿ ಹತ್ತರಿಂದ ಹದಿನೆಂಟು ಸೆಂಟಿಮೀಟರ್ ಉದ್ದಕ್ಕೆ ಬೆಳೆಯುವ ಈ ಹುಳು ಎಳೆಯ ಮರಿಗಳಲ್ಲಿ ಮಾತ್ರ ಆಗೀಗ ಕಣ್ಣಿಗೆ ಬೀಳುತ್ತದೆ. ಇದರ ವೈಶಿಷ್ಟ್ಯವಿರುವುದು ತಾಯಿನಾಯಿಯ ಮೈಯಲ್ಲಿ. ಬೆಳೆದ ನಾಯಿ ಮಣ್ಣಿನಿಂದ ನುಂಗಿದ ಮೊಟ್ಟೆ ಒಡೆದು ಹೊರಬಂದ ಮರಿಹುಳುಗಳಲ್ಲಿ ಬಹುಪಾಲು ಕರುಳಿನಲ್ಲಿ ನಿಲ್ಲದೆ ಸ್ನಾಯು ಮತ್ತಿತರ ಅಂಗಗಳಲ್ಲಿ ಸೇರಿ, ಬೆಳೆಯದೆ, ಸಾಯದೆ, ತೂಕಡಿಸಿದಂತೆ ಉಳಿದುಬಿಡುತ್ತವೆ. ಹೆಣ್ಣುನಾಯಿ ಗಬ್ಬವಾಗಿ ಸುಮಾರು ಆರು ವಾರವಾದಾಗ ಅವು ಎಚ್ಚರಗೊಂಡು ಗರ್ಭದಲ್ಲಿರುವ ಮರಿಗಳ ಮೈ ಸೇರುತ್ತವೆ. ಉಳಿದವು ಕೆಲವು ಮೊಲೆಹಾಲಿನೊಂದಿಗೆ ಹರಿಯುತ್ತವೆ. ಹೀಗಾಗಿ ಮರಿ ಹುಟ್ಟುವಾಗಲೇ ಹುಳುವನ್ನು ಹೊತ್ತು ಬರುತ್ತದೆ, ಮೂರು ವಾರದ ಹೊತ್ತಿಗೆ ಅದರ ಮಲದಲ್ಲಿ ಮೊಟ್ಟೆಗಳು ಕಾಣಿಸಿಕೊಳ್ಳುತ್ತವೆ. ಒಂದು ಹೆಣ್ಣುಹುಳು ದಿನಕ್ಕೆ ಲಕ್ಷದ ಆಸುಪಾಸಿನಲ್ಲಿ ಮೊಟ್ಟೆಯಿಡಬಲ್ಲದು. ತಾಯಿಗೆ ಸಾಮಾನ್ಯ ಪ್ರಮಾಣದಲ್ಲಿ ಕೊಡುವ ಔಷಧಿ ಕರುಳಿನ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮಾಂಸದೊಳಗೆ ಅಡಗಿದ ಮರಿಹುಳುವನ್ನು ಮುಟ್ಟುವುದಿಲ್ಲ. ಆದ್ದರಿಂದ ತಾಯಿಗೆ ಔಷಧಿ ಹಾಕಿಸಿದ್ದೇವೆ, ಮರಿಗಳಿಗೆ ಭಯವಿಲ್ಲ ಎಂಬ ಮಾತಿಗೆ ಆಧಾರವಿಲ್ಲ.

ಮರಿಗೆ ಮೊದಲ ಔಷಧಿಯನ್ನು ಹುಟ್ಟಿದ ಎರಡನೆಯ ವಾರಕ್ಕೆ, ಅಂದರೆ ಆಗತಾನೆ ಕಣ್ಣು ತೆರೆಯುತ್ತಿರುವ ಹಂತದಲ್ಲಿ ಕೊಟ್ಟು, ನಾಲ್ಕು, ಆರು, ಎಂಟನೆಯ ವಾರಗಳಲ್ಲಿ ಮತ್ತೆ ಕೊಟ್ಟು, ಅಲ್ಲಿಂದ ಆರು ತಿಂಗಳ ತನಕ ತಿಂಗಳಿಗೊಮ್ಮೆ ಮುಂದುವರಿಸಬೇಕೆಂಬ ಪಶುವೈದ್ಯರ ನಿಯಮ ಹುಟ್ಟಿದ್ದು ಈ ಕಾರಣದಿಂದ. ಅಷ್ಟು ಎಳೆಯದಕ್ಕೆ ಔಷಧಿಯೇ ಎಂದು ಹುಬ್ಬೇರಿಸುವವರು ಹೈನುಗಾರಿಕೆಯೇ ಜೀವಾಳವಾಗಿರುವ ಈ ಜಿಲ್ಲೆಯಲ್ಲಿ ಕರುವನ್ನು ನೆನೆಯಬೇಕು. ಕರುವಿಗೂ ತಾಯಿಯ ಹಾಲಿನಿಂದಲೇ ದುಂಡುಹುಳು ಬರುತ್ತದೆ, ಹದಿನೈದು ದಿನದೊಳಗೆ ಅದಕ್ಕೆ ಜಂತಿನ ಔಷಧಿ ಕುಡಿಸಬೇಕೆಂಬುದು ಹಾಲಿನ ಡೇರಿಗೆ ಹಾಲು ಹಾಕುವ ರೈತರಿಗೆ ಗೊತ್ತು. ಹಾಲು ಕೊಡುವ ಪ್ರಾಣಿಯ ಮರಿಗೆ ಸಲ್ಲುವ ಜ್ಞಾನ ಕಾವಲು ಕಾಯುವ ಪ್ರಾಣಿಯ ಮರಿಗೆ ಸಲ್ಲದಿರುವುದಕ್ಕೆ ಲಾಭನಷ್ಟದ ಲೆಕ್ಕವಲ್ಲದೆ ಬೇರೆ ಕಾರಣ ಕಾಣುವುದಿಲ್ಲ. ಇನ್ನೂ ಒಂದು ತಪ್ಪು ಓದು ಇಲ್ಲಿ ಸೇರಿಕೊಂಡಿದೆ: ಡೊಳ್ಳಿನಂತೆ ಉಬ್ಬಿದ ಹೊಟ್ಟೆಯ ಮರಿಯನ್ನು ಕಂಡು, ಗುಂಡುಗುಂಡಗಿದೆ, ಚೆನ್ನಾಗಿ ಹಾಲು ಕುಡಿದಿದೆ ಎಂದು ಅದನ್ನೇ ಆರಿಸಿ ಮನೆಗೆ ತರುತ್ತಾರೆ. ಬೆನ್ನುಮೂಳೆ ಕೈಗೆ ಸಿಗುವಷ್ಟು ಬಡಕಲಾಗಿ, ಕೂದಲು ಒರಟಾಗಿ, ಹೊಟ್ಟೆ ಮಾತ್ರ ದಪ್ಪಗಿದ್ದರೆ ಅದು ಹಾಲಿನ ಹೊಟ್ಟೆಯಲ್ಲ.

ಈ ದುಂಡುಹುಳು ಮನುಷ್ಯನ ಕರುಳಿನಲ್ಲಿ ಬೆಳೆಯಲಾರದು. ಆದರೆ ಅದರ ಮೊಟ್ಟೆ ಮಗುವಿನ ಬಾಯಿ ಸೇರಿದರೆ ಒಡೆದು ಬಂದ ಮರಿಹುಳು ದಾರಿ ತಪ್ಪಿದ ಪಯಣಿಗನಂತೆ ಯಕೃತ್ತು, ಶ್ವಾಸಕೋಶ, ಕೆಲವೊಮ್ಮೆ ಕಣ್ಣಿನೊಳಗೆ ಅಲೆಯುತ್ತದೆ. 1950ರಲ್ಲಿ ಅಮೆರಿಕದ ಹೆಲೆನಾರ್ ವೈಲ್ಡರ್, ಕ್ಯಾನ್ಸರ್ ಗೆಡ್ಡೆ ಮೊದಲಾದ ಶಂಕೆಯಿಂದ ತೆಗೆದುಹಾಕಲಾಗಿದ್ದ ಮಕ್ಕಳ ಕಣ್ಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಅವುಗಳಲ್ಲಿ ಹಲವದರಲ್ಲಿ ಗೆಡ್ಡೆಯ ಬದಲು ಹುಳುವಿನ ಮರಿಯನ್ನೋ ಅದರ ಕುರುಹನ್ನೋ ಕಂಡರು. 1952ರಲ್ಲಿ ಪಾಲ್ ಬೀವರ್ ಮತ್ತು ಸಂಗಡಿಗರು ಇಂಥ ಅಲೆದಾಟದ ರೋಗವನ್ನು ನಾಯಿಬೆಕ್ಕುಗಳ ದುಂಡುಹುಳುವಿಗೆ ಜೋಡಿಸಿ ವಿವರಿಸಿದರು. ಇದನ್ನು ಓದಿ ನಾಯಿಯನ್ನು ಊರಾಚೆ ಬಿಟ್ಟುಬರುವ ಯೋಚನೆ ಮಾಡುವವರು ಮತ್ತೊಂದು ಸಂಗತಿಯನ್ನೂ ತಿಳಿದಿರಬೇಕು. ಮಲದೊಂದಿಗೆ ಆಗತಾನೆ ಬಿದ್ದ ಮೊಟ್ಟೆ ಯಾರಿಗೂ ಅಂಟುವುದಿಲ್ಲ. ಅದರೊಳಗೆ ಮರಿ ಬೆಳೆಯಲು ಮಣ್ಣಿನಲ್ಲಿ ಎರಡು ಮೂರು ವಾರ ಬೇಕು, ಬಳಿಕ ಅದು ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಹೀಗಾಗಿ ಅಪಾಯದ ಮೂಲ ನಾಯಿಯನ್ನು ಮುದ್ದಿಸುವುದಕ್ಕಿಂತ ಹೆಚ್ಚಾಗಿ ಹಳೆಯ ಮಲ ಬೆರೆತ ಮಣ್ಣು. ದಿನದಿನದ ಮಲವನ್ನು ಅಂದೇ ಎತ್ತಿ ಹೂಳಿದರೆ ಅರ್ಧ ಕೆಲಸ ಆದಂತೆ. ದಪ್ಪ ಕವಚದ ಈ ಮೊಟ್ಟೆಗೆ ಫಿನಾಯಿಲ್ ಹೆಚ್ಚೇನೂ ಮಾಡಲಾರದು, ಕುದಿಯುವ ನೀರು ಮತ್ತು ಸುಡುಬಿಸಿಲು ಮಾಡಬಲ್ಲವು.

ಬಿಸಿಲಿನ ಮಾತು ಬಂದಾಗ ಕೊಕ್ಕೆಹುಳುವಿನ ವಿಚಾರ ಎದುರಾಗುತ್ತದೆ. ಸೆಂಟಿಮೀಟರಿಗಿಂತ ತುಸು ಉದ್ದವಿರುವ, ಕರುಳಿನ ಗೋಡೆಗೆ ಹಲ್ಲೂರಿ ರಕ್ತ ಹೀರುವ ಈ ಹುಳು ಮಲದಲ್ಲಿ ಕಾಣಿಸಿಕೊಳ್ಳುವುದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಅನ್ಸೈಲೊಸ್ಟೋಮಾ ಕ್ಯಾನಿನಂ ಎಂಬ ಜಾತಿಯ ಒಂದು ಹುಳು ದಿನಕ್ಕೆ ಒಂದು ಮಿಲಿಲೀಟರಿನ ಹತ್ತನೆಯ ಒಂದು ಭಾಗದಷ್ಟು ರಕ್ತ ನಷ್ಟ ಮಾಡಬಲ್ಲದು. ಒಂದು ಕಿಲೋ ತೂಕದ ಮರಿಯ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 80ರಿಂದ 90 ಮಿಲಿಲೀಟರ್. ನೂರು ಹುಳುಗಳಿದ್ದರೆ ಆ ಮರಿ ಎಷ್ಟು ದಿನ ತಾಳೀತು ಎಂಬುದಕ್ಕೆ ದೊಡ್ಡ ಗಣಿತ ಬೇಕಿಲ್ಲ. ತುಟಿಯನ್ನು ಮೇಲೆತ್ತಿ ವಸಡನ್ನು ನೋಡಿದರೆ ಅದು ಕೆಂಪಿನ ಬದಲು ಸುಣ್ಣದಂತೆ ಬಿಳಿಚಿರುತ್ತದೆ, ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿರುತ್ತದೆ. ಇದರ ಮರಿಹುಳು ತೇವದ, ನೆರಳಿನ, ಸಡಿಲ ಮಣ್ಣಿನಲ್ಲಿ ಬದುಕಿದ್ದು ಚರ್ಮವನ್ನು ಕೊರೆದೂ ಒಳಹೊಗುತ್ತದೆ. ವರ್ಷವಿಡೀ ಹರಿಯುವ ಹೊಳೆನದಿಗಳಿಲ್ಲದ, ಮಳೆಗಾಲದ ಕೊನೆಯ ತಿಂಗಳುಗಳನ್ನೇ ನಂಬಿದ ಕೋಲಾರದ ಬಯಲು ಬೇಸಿಗೆಯಲ್ಲಿ ಇದಕ್ಕೆ ಬದುಕುವ ಜಾಗವಲ್ಲ ಎನ್ನಬಹುದು. ಆದರೆ ನಾಯಿ ಬೇಸಿಗೆಯಲ್ಲಿ ಮಲಗುವುದು ಬಯಲಿನಲ್ಲಲ್ಲ. ಕೊಳವೆಬಾವಿಯ ನೀರು ಹನಿಯುವ ಮಾವಿನ ಮರದ ಪಾತಿಯಲ್ಲಿ, ಬಚ್ಚಲ ನೀರು ಹರಿಯುವ ಬಾಳೆಯ ಬುಡದಲ್ಲಿ, ಮನೆ ಕಟ್ಟಲು ಸುರಿದ ಮರಳಿನ ರಾಶಿಯ ತಂಪಿನಲ್ಲಿ ಗುಂಡಿ ತೋಡಿ ಮಲಗುತ್ತದೆ. ಮಕ್ಕಳು ಬರಿಗಾಲಲ್ಲಿ ಆಡುವುದೂ ಆ ಮರಳ ರಾಶಿಯಲ್ಲಿಯೇ. ಆಡಿದ ಮಗುವಿನ ಪಾದದ ಮೇಲೆ ಕೆಂಪಾಗಿ ಹಾವಿನಂತೆ ಹರಿದು, ರಾತ್ರಿಯೆಲ್ಲ ತುರಿಸುವ ಗೆರೆಯನ್ನು ಹಲವರು ಹುಳುಕಡ್ಡಿಯೆಂದು ಮುಲಾಮು ಹಚ್ಚುತ್ತಾರೆ. ಅದು ನಾಯಿಯ ಕೊಕ್ಕೆಹುಳುವಿನ ಮರಿ ಚರ್ಮದಡಿ ಕೊರೆದ ದಾರಿ. ಸಿಲೋನಿನ ಹೆಸರನ್ನು ಹೊತ್ತ ಅನ್ಸೈಲೊಸ್ಟೋಮಾ ಸಿಲಾನಿಕಂ ಎಂಬ ಇನ್ನೊಂದು ಜಾತಿಯಂತೂ ಮನುಷ್ಯನ ಕರುಳಿನಲ್ಲಿಯೂ ಪೂರ್ಣವಾಗಿ ಬೆಳೆಯಬಲ್ಲದು. ಚಾಟಿಯಂತೆ ಒಂದು ತುದಿ ತೆಳ್ಳಗೂ ಇನ್ನೊಂದು ದಪ್ಪಗೂ ಇರುವ ಚಾಟಿಹುಳು ದೊಡ್ಡಕರುಳಿನ ಆರಂಭದಲ್ಲಿ ನೆಲೆಸಿ ಆಗಾಗ ಲೋಳೆಭೇದಿ ಉಂಟುಮಾಡುತ್ತದೆ. ಅದರ ಬಗೆಗೆ ಇಲ್ಲಿ ಇಷ್ಟು ಸಾಕು.

ಕಣ್ಣು ಸೋಲುವಲ್ಲಿ ಸೂಕ್ಷ್ಮದರ್ಶಕ ನೆರವಾಗುತ್ತದೆ, ಅದೂ ಒಂದು ಮಿತಿಯವರೆಗೆ. ಹೆಬ್ಬೆರಳ ತುದಿಯಷ್ಟು ಹೊಸ ಮಲವನ್ನು ಗಾಢವಾದ ಉಪ್ಪುನೀರಿನಲ್ಲಿ ಕದಡಿ, ಸೋಸಿ, ಕೊಳವೆಯ ಬಾಯಿಯವರೆಗೆ ತುಂಬಿಸಿ, ಮೇಲೊಂದು ತೆಳುಗಾಜನ್ನಿಟ್ಟು ಕಾಲು ಗಂಟೆ ಬಿಟ್ಟರೆ, ಹಗುರವಾದ ಮೊಟ್ಟೆಗಳು ತೇಲಿ ಗಾಜಿಗೆ ಅಂಟುತ್ತವೆ. ಖರ್ಚಿಲ್ಲದ, ಸೊಗಸಾದ ಈ ತೇಲುವಿಕೆಯ ಪರೀಕ್ಷೆಯನ್ನು ಸೂಕ್ಷ್ಮದರ್ಶಕವಿರುವ ಪಶು ಆಸ್ಪತ್ರೆಯಲ್ಲಿ ಮಾಡಬಹುದು. ಆದರೆ ಹುಳು ಇನ್ನೂ ಮೊಟ್ಟೆಯಿಡುವ ವಯಸ್ಸಿಗೆ ಬಾರದಿದ್ದರೆ ಗಾಜಿನ ಮೇಲೆ ಏನೂ ಕಾಣುವುದಿಲ್ಲ. ಹಾಲಿನಿಂದ ಕೊಕ್ಕೆಹುಳು ಪಡೆದ ಮರಿ ಮೊದಲ ಮೊಟ್ಟೆ ಹೊರಬೀಳುವ ಮೊದಲೇ ರಕ್ತಹೀನತೆಯಿಂದ ಸಾಯಬಹುದು. ಆದ್ದರಿಂದ ಮರಿಗಳಿಗೆ ಪರೀಕ್ಷೆ ಕಾಯದೆ ಔಷಧಿ ಕೊಡುವುದು, ಬೆಳೆದ ನಾಯಿಗೆ ಪರೀಕ್ಷೆಯ ನೆರವು ಪಡೆಯುವುದು ವಿವೇಕ.

ಔಷಧಿಯ ವಿಷಯದಲ್ಲಿ ಅಂದಾಜಿನ ರೂಢಿ ಹಾನಿಕರ. ಪೈರಾಂಟೆಲ್, ಫೆಬಾಂಟೆಲ್, ಪ್ರಾಜಿಕ್ವಾಂಟೆಲ್ ಎಂಬ ಮೂರನ್ನು ಬೆರೆಸಿದ, ಎಲ್ಲೆಡೆ ಸಿಗುವ ಮಾತ್ರೆ ಸಾಮಾನ್ಯವಾಗಿ ಹತ್ತು ಕಿಲೋ ತೂಕಕ್ಕೆ ಒಂದು. ಹದಿನೈದು ಕಿಲೋ ನಾಯಿಗೆ ಒಂದೂವರೆ. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಬಳಿಕ ತನ್ನ ತೂಕವನ್ನು ಕಳೆದರೆ ಲೆಕ್ಕ ಮುಗಿಯಿತು. ಇದಕ್ಕೂ ಬೇಸರಪಟ್ಟು ದನಕ್ಕೆ ತಂದು ಉಳಿದಿದ್ದ ಔಷಧಿಯನ್ನೇ ನಾಯಿಗೆ ಕುಡಿಸುವವರಿದ್ದಾರೆ. ದನದ ಪ್ರಮಾಣಕ್ಕೆ ತಯಾರಾದ ಐವರ್ಮೆಕ್ಟಿನ್ ಚುಚ್ಚುಮದ್ದಿನಲ್ಲಿ ನಾಯಿಗೆ ಬೇಕಾದದ್ದು ಹನಿಗಳ ಲೆಕ್ಕ. ಕಾಲಿಯಂಥ ಕೆಲವು ತಳಿಗಳಲ್ಲಿ ಔಷಧಿಯನ್ನು ಮಿದುಳಿನಿಂದ ಹೊರಗಿಡುವ ವ್ಯವಸ್ಥೆಯೇ ಹುಟ್ಟಿನಿಂದ ಕುಂದಿರುವುದರಿಂದ ಅದು ಪ್ರಾಣಕ್ಕೇ ಕುತ್ತು ತರಬಹುದು. ಮನೆಮದ್ದಿನಲ್ಲಿ ಬೆಳ್ಳುಳ್ಳಿಗೆ ಮೊದಲ ಸ್ಥಾನ. ಬೆಳ್ಳುಳ್ಳಿ, ಈರುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೊಕ್ಕೆಹುಳುವಿನಿಂದ ಈಗಾಗಲೇ ರಕ್ತ ಕಳೆದುಕೊಂಡ ಮರಿಗೆ ಅದನ್ನು ತಿನ್ನಿಸುವುದು ಹುಳುವಿಗೆ ಕೈಜೋಡಿಸಿದಂತೆ. ಅಡಿಕೆಯ ಕಥೆ ಬೇರೆ: ಅದರಲ್ಲಿರುವ ಅರಿಕೋಲಿನ್ ಎಂಬ ಸತ್ವ ಲಾಡಿಹುಳುವನ್ನು ಮರಗಟ್ಟಿಸಿ ಭೇದಿಯೊಂದಿಗೆ ಹೊರದೂಡುತ್ತದೆ, ಪ್ರಾಜಿಕ್ವಾಂಟೆಲ್ ಬರುವ ಮುಂಚೆ ಹಲವು ದೇಶಗಳ ಪಶುವೈದ್ಯರು ಅದನ್ನು ಬಳಸಿದ್ದುಂಟು. ಆದರೆ ಅದು ನಾಯಿಯನ್ನೂ ಹಿಂಡಿಹಾಕುವ ವಿಷ, ಹೊರಬಿದ್ದ ಹುಳುವೂ ಮೊಟ್ಟೆಗಳೂ ಜೀವಂತವಾಗಿಯೇ ಇರುತ್ತವೆ. ನಾಡಮದ್ದೆಂಬ ಅಭಿಮಾನಕ್ಕೆ ಅದನ್ನು ಇಂದು ಹಿಂದಕ್ಕೆ ತರಬೇಕಾಗಿಲ್ಲ.

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಹುಳು ಕಾಣದಿದ್ದರೂ ಔಷಧಿ ಕೊಡುತ್ತಹೋದರೆ ಹುಳುಗಳು ಔಷಧಿಗೆ ಬಗ್ಗದಂತಾಗುವುದಿಲ್ಲವೇ? ಕುರಿಗಳ ಹೊಟ್ಟೆಯ ಹುಳುಗಳಲ್ಲಿ ಆದದ್ದು ಅದೇ; ಅಮೆರಿಕದಲ್ಲಿ ಓಟದ ಗ್ರೇಹೌಂಡ್ ನಾಯಿಗಳಿಗೆ ಬಿಡುವಿಲ್ಲದೆ ಔಷಧಿ ಕೊಟ್ಟ ಪರಿಣಾಮವಾಗಿ ಹಲವು ಔಷಧಿಗಳಿಗೆ ಜಗ್ಗದ ಕೊಕ್ಕೆಹುಳುಗಳು ಹುಟ್ಟಿಕೊಂಡಿವೆ. ಆಕ್ಷೇಪ ನ್ಯಾಯವಾದದ್ದು, ಆದರೆ ಅದು ಹುಳು ಕಂಡಾಗ ಕೊಡುವ ರೂಢಿಯನ್ನು ಸಮರ್ಥಿಸುವುದಿಲ್ಲ. ಮನೆಯೊಳಗೇ ಇದ್ದು ಬೇಯಿಸಿದ್ದನ್ನೇ ತಿನ್ನುವ ಬೆಂಗಳೂರಿನ ನಾಯಿಗೆ ವರ್ಷಕ್ಕೆ ಒಂದೆರಡು ಮಲಪರೀಕ್ಷೆ ಮಾಡಿಸಿ ಅಗತ್ಯವಿದ್ದರೆ ಮಾತ್ರ ಔಷಧಿ ಕೊಡಬಹುದು. ತೋಟದಲ್ಲಿ ತಿರುಗಿ ಇಲಿ ಹಿಡಿಯುವ ಯಲ್ದೂರಿನ ನಾಯಿಗೆ ಮೂರು ತಿಂಗಳಿಗೊಮ್ಮೆ ಕೊಡುವುದು ಅತಿಯಲ್ಲ. ಹಸಿ ಮಾಂಸದ ತ್ಯಾಜ್ಯ ತಿನ್ನುವ ನಾಯಿಗೆ ಅದೂ ಸಾಲದು.

ಸಾಲದಿರುವುದಕ್ಕೆ ಕಾರಣ ಎಕೈನೋಕಾಕಸ್ ಎಂಬ ಲಾಡಿಹುಳು. ಮೂರರಿಂದ ಏಳು ಮಿಲಿಮೀಟರಿನ ಈ ಹುಳುಗಳು ಸಾವಿರಾರು ಸಂಖ್ಯೆಯಲ್ಲಿದ್ದರೂ ನಾಯಿ ಕುಣಿದಾಡಿಕೊಂಡಿರುತ್ತದೆ. ಭೇದಿಯಿಲ್ಲ, ಸೊರಗುವುದಿಲ್ಲ, ಮಲದಲ್ಲಿ ಏನೂ ಕಾಣುವುದಿಲ್ಲ. ಇದರ ಮೊಟ್ಟೆ ಮಾತ್ರ ಬಿದ್ದ ಕ್ಷಣದಿಂದಲೇ ಅಂಟಬಲ್ಲದು, ನಾಯಿಯ ಕೂದಲಿಗೂ ಹತ್ತಿರುತ್ತದೆ. ಮೇವಿನೊಂದಿಗೆ ಕುರಿಯ ಹೊಟ್ಟೆ ಸೇರಿದರೆ ಯಕೃತ್ತು, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಯಾಗಿ ಬೆಳೆಯುತ್ತದೆ. ಮನುಷ್ಯನ ಹೊಟ್ಟೆ ಸೇರಿದರೂ ಹಾಗೆಯೇ, ವರ್ಷಗಟ್ಟಲೆ ಸುಳಿವು ಕೊಡದೆ. ವೈದ್ಯರು ಇದನ್ನು ಹೈಡಾಟಿಡ್ ಗುಳ್ಳೆ ಎನ್ನುತ್ತಾರೆ. ಒಳಗೆ ಒಡೆದರೆ ಜೀವಕ್ಕೆ ಅಪಾಯ.

ಯುಗಾದಿಯ ಮರುದಿನದ ಹೊಸತೊಡಕಿನಂದು ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕುರಿ ಕಡಿದು ಗುಡ್ಡೆ ಹಾಕಿ ಹಂಚಿಕೊಳ್ಳುವ ಜಾಗವನ್ನು ನೋಡಿದರೆ ಈ ಚಕ್ರ ಹೇಗೆ ತಿರುಗುತ್ತದೆ ಎಂಬುದು ಕಣ್ಣೆದುರೇ ಕಾಣುತ್ತದೆ. ಕೊಯ್ಯುವವನು ಲಿವರನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾನೆ. ಅದರ ಮೇಲೆ ನಿಂಬೆಹಣ್ಣಿನಷ್ಟು, ಹಾಲುಬಿಳುಪಿನ, ಒತ್ತಿದರೆ ಪುಟಿಯುವ ನೀರ್ಗುಳ್ಳೆಯಿದ್ದರೆ ಆ ಭಾಗವನ್ನು ಚಾಕುವಿನಿಂದ ಹೆರೆದು, ಇದು ಮನುಷ್ಯರು ತಿನ್ನುವುದಲ್ಲ ಎಂದು ಪಕ್ಕಕ್ಕೆ ಎಸೆಯುತ್ತಾನೆ. ಅಲ್ಲಿ ಬೆಳಗಿನಿಂದ ಬಾಯಲ್ಲಿ ನೀರೂರಿಸಿಕೊಂಡು ಕೂತ ನಾಯಿಗಳಿರುತ್ತವೆ. ಗುಳ್ಳೆಯ ನೀರಿನಲ್ಲಿ ಮರಳಿನಂತೆ ಕಾಣುವ ಒಂದೊಂದು ಕಣವೂ ಒಂದೊಂದು ಹುಳುವಿನ ತಲೆ. ನಾಯಿ ನುಂಗಿದ ಸುಮಾರು ಆರೇಳು ವಾರಕ್ಕೆ ಅವು ಬಲಿತು ಮೊಟ್ಟೆ ಚೆಲ್ಲತೊಡಗುತ್ತವೆ. ಆದ್ದರಿಂದಲೇ ಇಂಥ ನಾಯಿಗೆ ಆರು ವಾರಕ್ಕೊಮ್ಮೆ, ಕಿಲೋಗೆ ಐದು ಮಿಲಿಗ್ರಾಮಿನಂತೆ ಪ್ರಾಜಿಕ್ವಾಂಟೆಲ್ ಬೇಕಾಗುತ್ತದೆ. ಮನುಷ್ಯರಿಗೆ ಒಗ್ಗದ್ದು ನಾಯಿಗೆ ಒಗ್ಗುತ್ತದೆ ಎಂಬ ಎಣಿಕೆಯಲ್ಲಿ ದುರುದ್ದೇಶವಿಲ್ಲ, ಒಂದು ಬಗೆಯ ಕರುಣೆಯೇ ಇದೆ. ಆ ಕರುಣೆ ಮುಂದೆ ಯಾರ ಹೊಟ್ಟೆಗೆ ತಿರುಗುತ್ತದೆ ಎಂಬುದು ಮಾತ್ರ ಗೊತ್ತಿಲ್ಲ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿದ್ದ ಕುರಿಗಳು ಒಂದು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು. ಇದು ಸಣ್ಣ ವಿಷಯವಲ್ಲ. ಕುರಿಗಾರನಿಗೆ ಇದರಲ್ಲಿ ನೇರ ಸ್ವಾರ್ಥವೂ ಇದೆ: ಕುರಿಯೊಂದು ತಲೆ ವಾಲಿಸಿ ಒಂದೇ ಕಡೆಗೆ ಸುತ್ತುತ್ತ ಸುತ್ತುತ್ತ ಬೀಳುವ ಕಾಯಿಲೆಗೆ ಕಾರಣ ನಾಯಿಯ ಇನ್ನೊಂದು ಲಾಡಿಹುಳುವಿನ ಗುಳ್ಳೆ ಅದರ ಮಿದುಳಿನಲ್ಲಿ ಕೂರುವುದು, ಆ ಕುರಿಯ ತಲೆಯನ್ನು ನಾಯಿಗೆ ಹಾಕಿದರೆ ಮಂದೆಯೊಳಗೆ ಅದು ಮುಂದುವರಿಯುತ್ತದೆ.

ಬೇರೆ ದೇಶಗಳು ಈ ಚಕ್ರವನ್ನು ಮುರಿದದ್ದು ಔಷಧಿಯೊಂದರಿಂದಲೇ ಅಲ್ಲ. ಐಸ್‌ಲ್ಯಾಂಡಿಗೆ 1863ರಲ್ಲಿ ಹೋದ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ನಾಯಿಗಳ ಕರುಳುಗಳನ್ನು ಪರೀಕ್ಷಿಸಿ, ರೋಗದ ದಾರಿಯನ್ನು ಜನಸಾಮಾನ್ಯರಿಗೆ ತಿಳಿಯುವ ಭಾಷೆಯಲ್ಲಿ ಕಿರುಹೊತ್ತಿಗೆಯಾಗಿ ಬರೆದು ಹಂಚಿಸಿದ. ಓದುವ ಅಭ್ಯಾಸವಿದ್ದ ಆ ದ್ವೀಪದಲ್ಲಿ ರೋಗ ಕ್ರಮೇಣ ಅಳಿಯಿತು. ನ್ಯೂಜಿಲೆಂಡ್ 1959ರ ಕಾಯ್ದೆಯ ಮೂಲಕ ನಾಯಿಗಳಿಗೆ ಹಸಿ ತ್ಯಾಜ್ಯ ಹಾಕುವುದನ್ನು ತಡೆದು, ನಾಯಿಗಳನ್ನು ಗೊತ್ತಾದ ಜಾಗಕ್ಕೆ ಕರೆಸಿ ಅರಿಕೋಲಿನ್ ಕೊಟ್ಟು ಪರೀಕ್ಷಿಸಿ, 2002ರಲ್ಲಿ ತನ್ನನ್ನು ತಾತ್ಕಾಲಿಕವಾಗಿ ರೋಗಮುಕ್ತವೆಂದು ಘೋಷಿಸಿಕೊಂಡಿತು. ಭಾರತದಲ್ಲಿ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಹಿಡಿದ ಬೀದಿನಾಯಿಗಳಿಗೆ ಸಂತಾನಹರಣ, ಜಂತುನಾಶಕ, ಲಸಿಕೆಗಳನ್ನು ನೀಡಿ ಅದೇ ಜಾಗಕ್ಕೆ ಬಿಡಬೇಕೆಂದು ಆದೇಶಿಸಿದಾಗ ಜಂತುಹುಳು ನ್ಯಾಯಾಲಯದ ಮಾತಿಗೂ ಬಂದಂತಾಯಿತು. ಆದರೆ ಜಂತುನಾಶಕವನ್ನು ಲಸಿಕೆಯ ಸಾಲಿನಲ್ಲಿಡುವುದೇ ಒಂದು ತಪ್ಪು ತಿಳಿವಳಿಕೆಗೆ ದಾರಿ. ಲಸಿಕೆ ಮುಂದಿನ ರೋಗವನ್ನು ತಡೆಯುತ್ತದೆ. ಜಂತುವಿನ ಮಾತ್ರೆ ಆ ದಿನ ಕರುಳಿನಲ್ಲಿರುವ ಹುಳುವನ್ನು ಕೊಂದು ಮೈಯಿಂದ ಹೊರಟುಹೋಗುತ್ತದೆ, ಮಾರನೆಯ ವಾರ ನಾಯಿ ಮತ್ತೆ ಹುಳು ಹತ್ತಿಸಿಕೊಳ್ಳಬಹುದು. ಶಾಲೆ, ಅಂಗನವಾಡಿಗಳಲ್ಲಿ 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಆಲ್ಬೆಂಡಜೋಲ್ ಮಾತ್ರೆ ಕೂಡ ಮಕ್ಕಳ ಕರುಳಿನ ಹುಳುವಿಗಾಗಿಯೇ ಹೊರತು ಕಣ್ಣಿನಲ್ಲಿ ಅಲೆಯುವ ನಾಯಿಹುಳುವಿನ ಮರಿಗಾಗಿ ಅಲ್ಲ.

ಪಶು ಆಸ್ಪತ್ರೆ, ಹಾಲಿನ ಡೇರಿ, ಗ್ರಾಮ ಪಂಚಾಯಿತಿ ಇವು ಮೂರೂ ಇರುವ ಊರಿನಲ್ಲಿ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಕರುವಿಗೆ ಜಂತಿನ ಔಷಧಿ ತರುವ ದಿನ ಮನೆಯ ನಾಯಿಮರಿಯ ತೂಕವನ್ನೂ ಹೇಳಿ ಅದರ ಪಾಲನ್ನು ತರಬಹುದು. ಹೊಸತೊಡಕಿಗೆ, ಊರಹಬ್ಬಕ್ಕೆ ಕುರಿ ಕಡಿಯುವ ಜಾಗದ ಪಕ್ಕದಲ್ಲಿ ಹಿಂದಿನ ದಿನವೇ ಮೂರು ನಾಲ್ಕಡಿ ಆಳದ ಗುಂಡಿ ತೋಡಿಸಿಟ್ಟರೆ, ನೀರ್ಗುಳ್ಳೆಯ ಚೂರುಗಳನ್ನು ಅದರೊಳಗೆ ಹಾಕಿ, ಸುಣ್ಣ ಚೆಲ್ಲಿ, ಮಣ್ಣು ಮುಚ್ಚಿ, ನಾಯಿ ಕೆದಕದಂತೆ ಮೇಲೊಂದು ಕಲ್ಲುಚಪ್ಪಡಿ ಎಳೆಯಬಹುದು. ನಾಯಿಗೂ ಹಬ್ಬವಾಗಲಿ ಎನ್ನುವವರು ಗುಳ್ಳೆಯಿಲ್ಲದ ಬೋಟಿಯನ್ನು ಮುಕ್ಕಾಲು ಗಂಟೆ ಕುದಿಸಿ, ಆರಿಸಿ, ಮುದ್ದೆಯೊಡನೆ ಕಲಸಿ ಹಾಕಲಿ.